ಈಜುಕೊಳದ ಪಂಪು ಕರೆಂಟು ತಿನ್ನುತ್ತಿದೆಯೇ? ಮೊದಲು ಡ್ರಮ್ಮು ಹಿಡಿದು ಅಳೆಯಿರಿ

ಪ್ರಶ್ನೆ: ನಮ್ಮದು ಮೈಸೂರಿನ ಹೊರಗೆ, ಬನ್ನೂರು ರಸ್ತೆ ಕಡೆ ತೋಟದ ಮನೆ. ಆರು ವರ್ಷದ ಹಿಂದೆ ಮೊಮ್ಮಕ್ಕಳಿಗೆ ಅಂತ ಒಂದು ಸಣ್ಣ ಈಜುಕೊಳ ಕಟ್ಟಿಸಿದೆವು. 8 ಮೀಟರ್ ಉದ್ದ, 4 ಮೀಟರ್ ಅಗಲ. ಆಳ ಒಂದು ತುದಿಯಲ್ಲಿ 1.1 ಮೀಟರ್, ಇನ್ನೊಂದು ತುದಿಯಲ್ಲಿ 1.5. 1.5 ಎಚ್‌ಪಿ ಸಿಂಗಲ್ ಫೇಸ್ ಪಂಪು, 600 ಎಂಎಂ ಮರಳಿನ ಫಿಲ್ಟರು ಇದೆ. ಬೆಳಗ್ಗೆ 7ರಿಂದ ಸಂಜೆ 5ರವರೆಗೆ ಓಡಿಸುತ್ತೇವೆ. ತಿಂಗಳ ಸೆಸ್ಕ್ ಕರೆಂಟು ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇಷ್ಟು ಓಡಿಸಿದರೂ ನೀರು ಪದೇ ಪದೇ ಮಬ್ಬಾಗುತ್ತದೆ. ಪೂಲ್ ನೋಡಿಕೊಳ್ಳುವ ಹುಡುಗ 2 ಎಚ್‌ಪಿ ಪಂಪು ಹಾಕಿಸಿ ಅನ್ನುತ್ತಾನೆ. ಡಲ್ಲಾಸ್‌ನಲ್ಲಿರುವ ಮಗ "ವೇರಿಯೆಬಲ್ ಸ್ಪೀಡ್ ಹಾಕಮ್ಮ, ಇಲ್ಲೆಲ್ಲ ಅದೇ" ಅನ್ನುತ್ತಾನೆ, ಅಂದರೆ ವೇಗ ಹೆಚ್ಚುಕಡಿಮೆ ಮಾಡಬಹುದಾದ ಪಂಪು. ಅಂಗಡಿಯಲ್ಲಿ ಅದಕ್ಕೆ 95 ಸಾವಿರ ಹೇಳಿದರು, ಮಾಮೂಲಿ ಪಂಪಿಗೆ 35 ಸಾವಿರ. ಎಲೆಕ್ಟ್ರಿಷಿಯನ್ ಹಳೇ ಪಂಪಿಗೇ ವೇಗ ಬದಲಿಸುವ ಡ್ರೈವ್ ಕೂರಿಸೋಣ ಅನ್ನುತ್ತಾರೆ. ಆನ್ ಆಫ್ ಮಾಡುತ್ತಿದ್ದರೆ ಕರೆಂಟು ಜಾಸ್ತಿ ಎಳೆಯುತ್ತದೆ ಅಂತಲೂ ಕೇಳಿದ್ದೇನೆ. ರಾತ್ರಿ ಓಡಿಸಿದರೆ ಉಳಿತಾಯವಾ? ನಮ್ಮದು ಬೋರ್‌ವೆಲ್ ನೀರು, ಗಡಸು. ಕ್ಲೋರಿನ್‌ಗೆ ಕ್ಯಾಲ್ಸಿಯಂ ಹೈಪೋ ಪುಡಿ ಹಾಕುತ್ತೇವೆ. ಯಾರ ಮಾತು ಕೇಳಲಿ?

ಉತ್ತರ: ಅಮ್ಮಾ, ನೀವು ಅಳತೆಗಳನ್ನೆಲ್ಲ ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು. ಹೆಚ್ಚಿನವರು "ಬಿಲ್ ಜಾಸ್ತಿ, ಯಾವ ಪಂಪು ತಗೊಳ್ಳಲಿ" ಅಂತಷ್ಟೇ ಕೇಳುತ್ತಾರೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಬಿಲ್ಲು, ಇನ್ನೊಂದು ಮಬ್ಬು ನೀರು. ಎರಡನ್ನೂ ಪಂಪಿನ ತಲೆಗೇ ಕಟ್ಟಲಾಗಿದೆ. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಪಂಪ್ ರೂಮುಗಳಲ್ಲೇ ಕಳೆದವನಾಗಿ ಹೇಳುತ್ತೇನೆ, ನಿಮ್ಮ ಪಂಪು ಕೆಟ್ಟದ್ದಲ್ಲ. ಅದನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಹೊತ್ತು ಓಡಿಸುತ್ತಿದ್ದೀರಿ, ಅಷ್ಟೇ. ಈಗಲೇ 95 ಸಾವಿರ ಖರ್ಚು ಮಾಡಬೇಡಿ.

ಲೆಕ್ಕ ಹಾಕೋಣ. ನಿಮ್ಮ ಕೊಳದ ಸರಾಸರಿ ಆಳ 1.3 ಮೀಟರ್. 8 × 4 × 1.3 ಅಂದರೆ ಸುಮಾರು 42 ಸಾವಿರ ಲೀಟರ್ ನೀರು. 1 ಎಚ್‌ಪಿ ಅಂದರೆ 746 ವಾಟ್. ಆದರೆ ಅದು ಮೋಟಾರು ಪಂಪಿಗೆ ಕೊಡುವ ಶಕ್ತಿ, ಮೀಟರಿನಿಂದ ಎಳೆಯುವ ಶಕ್ತಿ ಅಲ್ಲ. ಮಧ್ಯದಲ್ಲಿ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ 1.5 ಎಚ್‌ಪಿ ಸಿಂಗಲ್ ಫೇಸ್ ಪಂಪು ಮೀಟರಿನಲ್ಲಿ ಸುಮಾರು 1.5 ಕಿಲೋವಾಟ್ ತೋರಿಸುತ್ತದೆ. ದಿನಕ್ಕೆ 10 ಗಂಟೆ ಓಡಿದರೆ 15 ಯೂನಿಟ್, ತಿಂಗಳಿಗೆ 450. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಂಡರೆ 3,150 ರೂಪಾಯಿ. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದರ ಎರಡು ಪಟ್ಟಿಗಿಂತ ಜಾಸ್ತಿಯನ್ನು ನಿಮ್ಮ ಪಂಪು ಒಂದೇ ತಿನ್ನುತ್ತಿದೆ.

ನನ್ನ ಅಂದಾಜು ನಂಬಬೇಡಿ, ನೀವೇ ನೋಡಿ. ಮನೆಯ ಎಲ್ಲ ಎಂಸಿಬಿ ಇಳಿಸಿ ಪಂಪಿನದ್ದು ಮಾತ್ರ ಮೇಲಿಡಿ. ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಅಚ್ಚಾಗಿರುತ್ತದೆ, 3200 ಅಂತಲೋ 1600 ಅಂತಲೋ. ಒಂದು ನಿಮಿಷ ಎಣಿಸಿ. 3200ರ ಮೀಟರಿನಲ್ಲಿ 80 ಸಲ ಮಿಣುಕಿದರೆ 1.5 ಕಿಲೋವಾಟ್. ದೀಪ ಬೇಗ ಬೇಗ ಮಿಣುಕುವುದರಿಂದ ಫೋನಿನಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿ ಎಣಿಸುವುದು ಸುಲಭ.

ಇನ್ನು ನೀರು ಎಷ್ಟು ಹರಿಯುತ್ತಿದೆ ಅನ್ನುವುದು. ಇದನ್ನು ಯಾರೂ ಅಳೆಯುವುದಿಲ್ಲ, ಆದರೆ ಎಲ್ಲ ತೀರ್ಮಾನವೂ ಇದರ ಮೇಲೇ ನಿಂತಿದೆ. ಪಂಪಿನ ಡಬ್ಬದ ಮೇಲೆ ಬರೆದ ಲೀಟರ್ ಲೆಕ್ಕ ನಿಮ್ಮ ಪೈಪು, ನಿಮ್ಮ ಫಿಲ್ಟರಿಗೆ ಹೊಂದುವುದಿಲ್ಲ. 200 ಲೀಟರಿನ ಒಂದು ಡ್ರಮ್ಮನ್ನು, ಮರಳಿನಲ್ಲಿ ನೀರನ್ನು ಉಲ್ಟಾ ಹಾಯಿಸಿ ತೊಳೆಯುವಾಗ ಬರುವ ಬ್ಯಾಕ್‌ವಾಶ್ ನೀರು ಹೊರಗೆ ಬೀಳುವ ಪೈಪಿನ ಕೆಳಗಿಡಿ. ಪಂಪು ಆಫ್ ಮಾಡಿ, ಫಿಲ್ಟರಿನ ಮೇಲಿರುವ ಮಲ್ಟಿಪೋರ್ಟ್ ವಾಲ್ವನ್ನು 'ರಿನ್ಸ್'ಗೆ ತಿರುಗಿಸಿ. ಆಗ ನೀರು ದಿನವೂ ಹೋಗುವ ಹಾಗೇ ಮರಳಿನ ಮೇಲಿಂದ ಕೆಳಗಿಳಿದು ಹೊರಗೆ ಬರುತ್ತದೆ. ಪಂಪು ಆನ್ ಮಾಡಿ, ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕು ನೋಡಿ. 45 ಸೆಕೆಂಡಾದರೆ ಗಂಟೆಗೆ 16 ಸಾವಿರ ಲೀಟರ್. 60 ಸೆಕೆಂಡಾದರೆ 12 ಸಾವಿರ. ವಾಲ್ವಿನ ಹಿಡಿಯನ್ನು ಪಂಪು ಓಡುತ್ತಿರುವಾಗ ಮಾತ್ರ ಯಾವತ್ತೂ ತಿರುಗಿಸಬೇಡಿ. ಒಳಗಿನ ಗ್ಯಾಸ್ಕೆಟ್ ಕಿತ್ತು ಹೋಗುತ್ತದೆ, ಆಮೇಲೆ ನೀರು ಗೊತ್ತಿಲ್ಲದ ಹಾಗೆ ಚರಂಡಿಗೆ ಸೋರುತ್ತಲೇ ಇರುತ್ತದೆ.

ನಿಮ್ಮದು 16 ಸಾವಿರ ಅಂತಲೇ ಹಿಡಿಯೋಣ. 10 ಗಂಟೆಗೆ 1 ಲಕ್ಷ 60 ಸಾವಿರ ಲೀಟರ್. ಅಂದರೆ ಕೊಳದಷ್ಟು ನೀರನ್ನು ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಸಲ ಫಿಲ್ಟರಿನಲ್ಲಿ ಹಾಯಿಸುತ್ತಿದ್ದೀರಿ. ನಾಲ್ಕೈದು ಜನ ಈಜುವ ಮನೆಯ ಕೊಳಕ್ಕೆ ಎರಡು ಸಲ ಸಾಕು. ಚಳಿಗಾಲದಲ್ಲಿ, ಯಾರೂ ಇಳಿಯದ ವಾರಗಳಲ್ಲಿ ಒಂದು, ಒಂದೂವರೆ ಸಲವೂ ಸಾಕು. ಒಂದು ಸಲ ಹಾಯಿಸಿದರೆ ಎಲ್ಲ ನೀರೂ ಶುದ್ಧವಾಯಿತು ಅಂತಲ್ಲ. ಫಿಲ್ಟರಿನಿಂದ ಬಂದ ನೀರು ಕೊಳದಲ್ಲಿ ಬೆರೆಯುತ್ತದೆ, ಅದೇ ನೀರು ಮತ್ತೆ ಬರುತ್ತದೆ. ಚೆನ್ನಾಗಿ ಬೆರೆಯುವ ಕೊಳದಲ್ಲಿ ಮೊದಲ ಸುತ್ತಿಗೆ ಶೇ. 63ರಷ್ಟು ನೀರು ಫಿಲ್ಟರು ಕಂಡಿರುತ್ತದೆ, ಎರಡನೇ ಸುತ್ತಿಗೆ 86, ಮೂರನೆಯದಕ್ಕೆ 95. ಮೊದಲೆರಡು ಸುತ್ತಿನಲ್ಲೇ ಹೆಚ್ಚಿನ ಕೆಲಸ ಮುಗಿಯಿತು ಅಲ್ವಾ? ಆಮೇಲಿನದ್ದು ಕರೆಂಟು ಸುರಿದಷ್ಟು ಫಲ ಕೊಡುವುದಿಲ್ಲ.

ಹಾಗಾಗಿ ಮೊದಲ ದಾರಿ, ಒಂದು ಪೈಸೆ ಹಾಕದೆ, ಈಗಿರುವ ಪಂಪನ್ನೇ 5 ಗಂಟೆ ಓಡಿಸಿ. 225 ಯೂನಿಟ್, 1,575 ರೂಪಾಯಿ. ಬಿಲ್ಲಿನ ಈ ಭಾಗ ಅರ್ಧಕ್ಕೆ ಇಳಿಯಿತು. ಬೆಳಗ್ಗೆ 3 ಗಂಟೆ, ಮಧ್ಯಾಹ್ನದ ಮೇಲೆ 2 ಗಂಟೆ ಅಂತ ಹಂಚಿ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಜೋರಾದಾಗ, ಮೊಮ್ಮಕ್ಕಳು ರಜೆಗೆ ಬಂದಾಗ 6–7 ಗಂಟೆ ಮಾಡಿ. ಸಾವಿರ ಚಿಲ್ಲರೆ ರೂಪಾಯಿಯ ಟೈಮರ್ ಹಾಕಿಸಿದರೆ ಮರೆಯುವ ಪ್ರಶ್ನೆಯೇ ಇಲ್ಲ. ಆದರೆ ಬ್ಯಾಟರಿ ಬ್ಯಾಕಪ್ ಇರುವುದೇ ಬೇಕು. ಅದಿಲ್ಲದ ಟೈಮರಿನಲ್ಲಿ ಕರೆಂಟು ಹೋದಷ್ಟು ಹೊತ್ತು ಗಡಿಯಾರವೂ ನಿಂತಿರುತ್ತದೆ. ಎರಡು ವಾರದಲ್ಲಿ ಬೆಳಗಿನ ಓಟ ಮಧ್ಯಾಹ್ನಕ್ಕೆ ಬಂದಿರುತ್ತದೆ. ಮೋಟಾರಿನ ಲೋಡನ್ನು ಟೈಮರಿನ ಮೇಲೆ ನೇರವಾಗಿ ಹಾಕದೆ ನಡುವೆ ಒಂದು ಕಾಂಟ್ಯಾಕ್ಟರ್ (ದೊಡ್ಡ ಲೋಡು ತಡೆಯುವ ಸ್ವಿಚ್ಚು) ಕೂರಿಸಲು ಹೇಳಿ.

ಆನ್ ಆಫ್ ಮಾಡಿದರೆ ಕರೆಂಟು ಜಾಸ್ತಿ ಅನ್ನುವುದರಲ್ಲಿ ಅರ್ಧ ಸತ್ಯವಿದೆ. ಶುರುವಾಗುವ ಗಳಿಗೆಯಲ್ಲಿ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುವುದು ನಿಜ. ಅದು ಒಂದೆರಡು ಸೆಕೆಂಡು ಮಾತ್ರ. ಯೂನಿಟ್ ಲೆಕ್ಕದಲ್ಲಿ ಅದು ಒಂದು ಯೂನಿಟ್ಟಿನ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ದಿನಕ್ಕೆ ಎರಡು ಸಲ ಶುರು ಮಾಡಿದರೆ ಮೋಟಾರಿಗೂ ಏನೂ ಆಗುವುದಿಲ್ಲ. ಐದೈದು ನಿಮಿಷಕ್ಕೆ ಆನ್ ಆಫ್ ಮಾಡಿದರೆ ವೈಂಡಿಂಗ್ ಬಿಸಿಯಾಗುತ್ತದೆ, ಹಾಗೆ ಯಾರು ಮಾಡುತ್ತಾರೆ?

ರಾತ್ರಿ ಓಡಿಸುವ ವಿಚಾರ: ನಿಮ್ಮ ಬಿಲ್ ತೆಗೆದು ನೋಡಿ. ಹಗಲಿಗೊಂದು, ರಾತ್ರಿಗೊಂದು ದರ ಅದರಲ್ಲಿ ಇಲ್ಲದಿದ್ದರೆ ರಾತ್ರಿ ಓಡಿಸಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಬಿಸಿಲು ಕ್ಲೋರಿನ್ನನ್ನು ತಿನ್ನುತ್ತದೆ, ಜನ ಇಳಿಯುವುದೂ ಹಗಲಿನಲ್ಲೇ. ನೀರು ಆಡುತ್ತಿರಬೇಕಾದ್ದು ಹಗಲಿನಲ್ಲಿ. ಇನ್ನೊಂದು, ಪ್ಲಗ್ಗಿಗೆ ಚುಚ್ಚಿದರೆ ಬಿಲ್ ಇಳಿಯುತ್ತದೆ ಅಂತ ಮಾರುವ 'ಪವರ್ ಸೇವರ್' ಡಬ್ಬಿಗಳು. ಒಳಗೆ ಇರುವುದು ಒಂದು ಕೆಪಾಸಿಟರ್. ಮನೆಯ ಮೀಟರು ಎಣಿಸುವ ಯೂನಿಟ್ಟಿನಲ್ಲಿ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಕೊಳ್ಳಲೇಬೇಡಿ.

ಈಗ ಮಬ್ಬು ನೀರಿಗೆ ಬರೋಣ, ಯಾಕೆಂದರೆ 2 ಎಚ್‌ಪಿಯ ಸಲಹೆ ಹುಟ್ಟಿದ್ದು ಅಲ್ಲಿಂದ. ಪಂಪು ನೀರನ್ನು ಶುದ್ಧ ಮಾಡುವುದಿಲ್ಲ, ಬರೀ ನೂಕುತ್ತದೆ. ಹಿಡಿಯುವುದು ಮರಳು, ಕೊಲ್ಲುವುದು ಕ್ಲೋರಿನ್. ಪಂಪು ಜೋರಾದಷ್ಟೂ ಸಣ್ಣ ಕೊಳೆ ಮರಳನ್ನು ಸೀಳಿಕೊಂಡು ವಾಪಸ್ ಕೊಳಕ್ಕೇ ಬರುತ್ತದೆ. ಬೆಂಗಳೂರಿನ ಒಂದು ಮನೆಯಲ್ಲಿ ಹೀಗೇ 1 ಎಚ್‌ಪಿ ತೆಗೆದು 2 ಹಾಕಿಸಿದ್ದರು. ನಾನು ಹೋದಾಗ ಪಂಪಿನ ಒಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಪಂಪಿಗೆ ನೀರು ಎಳೆಯುವ ಸಕ್ಷನ್ ಪೈಪು ಹಳೆಯದೇ, 50 ಎಂಎಂ. ಅಷ್ಟು ನೀರು ಅದರಲ್ಲಿ ಬರುವುದಿಲ್ಲ, ಪಂಪು ಎಳೆಯುವುದು ಬಿಡುವುದಿಲ್ಲ. ನೀರಿನಲ್ಲಿ ಗುಳ್ಳೆ ಎದ್ದು ಒಡೆದು ಪಂಪಿನೊಳಗೆ ತಿರುಗುವ ಚಕ್ರವನ್ನು (ಇಂಪೆಲ್ಲರ್) ಕೊರೆಯುತ್ತಿತ್ತು. ಹರಿವು ಸ್ವಲ್ಪ ಮಾತ್ರ ಹೆಚ್ಚಿತ್ತು, ಬಿಲ್ಲು ತುಂಬಾ ಹೆಚ್ಚಿತ್ತು, ನೀರು ಹಾಗೇ ಮಬ್ಬು. ದೊಡ್ಡ ಪಂಪಿನ ಇನ್ನೊಂದು ಅಪಾಯ ತಳದ ಜಾಲರಿಯಲ್ಲಿದೆ. ಕೊಳದ ತಳದಲ್ಲಿ ಒಂದೇ ಡ್ರೈನ್ ಇದ್ದು, ಅದರ ಮುಚ್ಚಳ ಒಡೆದಿದ್ದರೆ ಮಗುವಿನ ಕೂದಲು, ಕೈ ಅದಕ್ಕೆ ಕಚ್ಚಿಕೊಳ್ಳಬಹುದು. ನಿಮ್ಮ ಕೊಳದಲ್ಲಿ ದೂರ ದೂರ ಎರಡು ಡ್ರೈನ್ ಇವೆಯೇ, ಮುಚ್ಚಳ ಗಟ್ಟಿಯಿದೆಯೇ ನೋಡಿ.

ನಿಮ್ಮ ಮಬ್ಬಿಗೆ ಕಾರಣ ಬೋರ್‌ವೆಲ್ಲಿನ ಗಡಸು ನೀರು ಮತ್ತು ಹೈಪೋ ಪುಡಿ ಅಂತ ನನ್ನ ಬಲವಾದ ಅನುಮಾನ. ಕ್ಯಾಲ್ಸಿಯಂ ಹೈಪೋ ಹಾಕಿದಾಗಲೆಲ್ಲ ನೀರಿಗೆ ಇನ್ನಷ್ಟು ಸುಣ್ಣದ ಅಂಶ ಸೇರುತ್ತದೆ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಮೇಲೇರುತ್ತದೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಅರ್ಧ ಭಾಗ ಕೆಲಸ ಮಾಡುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗ. ನೀವು ಅದೇ ಪುಡಿ ಹಾಕುತ್ತಿದ್ದೀರಿ, ಅದು ಅರ್ಧ ಕೆಲಸ ಮಾಡುತ್ತಿದೆ. ಸುಣ್ಣ ಕರಗದೆ ಹಾಲಿನಂತೆ ತೇಲುತ್ತದೆ. ಪಿಎಚ್ಚನ್ನು 7.2ರಿಂದ 7.6ರ ಒಳಗೆ ತನ್ನಿ. ಆಸಿಡ್ ಬಳಸುವುದಾದರೆ ಬಕೆಟ್ಟಿನ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಪಂಪು ಓಡುವಾಗಲೇ ಕೊಳಕ್ಕೆ ಸುರಿಯಬೇಕು. ಹೈಪೋ ಪುಡಿಯನ್ನೂ ಕ್ಲೋರಿನ್ ಮಾತ್ರೆಗಳನ್ನೂ ಒಂದೇ ಮಗ್ಗಿನಲ್ಲಿ, ಒಂದೇ ಡಬ್ಬದಲ್ಲಿ ಯಾವತ್ತೂ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು.

ಆಮೇಲೆ ಮರಳು. ಆರು ವರ್ಷದ ಕೊಳ ಅಂದಿರಿ, ಮರಳು ಬದಲಿಸಿದ ಮಾತು ಬರೆದಿಲ್ಲ. ಗಡಸು ನೀರಿನಲ್ಲಿ ಅದು ಗಟ್ಟಿಯಾಗಿ, ನಡುವೆ ಬಿರುಕು ಬಿಟ್ಟು, ನೀರು ಬಿರುಕಿನಲ್ಲೇ ಇಳಿದು ಹೋಗುತ್ತದೆ. ಮುಚ್ಚಳ ತೆಗೆಸಿ ಕೈಹಾಕಿ ನೋಡಲು ಹೇಳಿ. ಸಡಿಲವಾಗಿ ಜಾರಿದರೆ ಸರಿ, ಬೆಲ್ಲದಚ್ಚಿನಂತೆ ಗಟ್ಟಿಯಿದ್ದರೆ ಬದಲಿಸಿ. ಪ್ರೆಶರ್ ಗೇಜಿನ ಮುಳ್ಳು ಪಂಪು ಆಫ್ ಮಾಡಿದಾಗ ಸೊನ್ನೆಗೆ ಬರುತ್ತದೆಯಾ? ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ಒಂದೇ ಕಡೆ ಅಂಟಿಕೊಂಡಿರುತ್ತದೆ. ಹೊಸದು ಹಾಕಿಸಿ, ಮರಳು ಶುಚಿಯಿದ್ದಾಗಿನ ಅಂಕಿಯನ್ನು ಫಿಲ್ಟರಿನ ಮೈಮೇಲೆ ಮಾರ್ಕರಿನಲ್ಲಿ ಬರೆದಿಡಿ. ಅದಕ್ಕಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವ ತನಕ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಮಗನ ಮಾತು. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ವೇರಿಯೆಬಲ್ ಸ್ಪೀಡ್ ಪಂಪಿನ ಹಿಂದಿರುವ ತತ್ವ ನಿಜಕ್ಕೂ ಚೆಂದದ್ದು. ಸಾದಾ ಪಂಪು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. ಅದನ್ನು ಅರ್ಧಕ್ಕೆ ಇಳಿಸಿದರೆ ನೀರು ಅರ್ಧ ಬರುತ್ತದೆ, ಆದರೆ ಬೇಕಾಗುವ ಶಕ್ತಿ ಎಂಟನೇ ಒಂದು ಭಾಗ. ಎರಡರಷ್ಟು ಹೊತ್ತು ಓಡಿಸಿ ಅಷ್ಟೇ ನೀರು ಹಾಯಿಸಿದರೂ ಕಾಲು ಭಾಗ ಕರೆಂಟು ಸಾಕು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು, ಸ್ವಲ್ಪ ನಿಧಾನ ಮಾಡಿದರೆ ಕಾಲಿಗೆ ಎಷ್ಟು ಹಗುರ! ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಎತ್ತುವ ಪಂಪಿನಲ್ಲಿ ಈ ಲಾಭ ಸಿಗುವುದಿಲ್ಲ. ಅಲ್ಲಿ ನೀರನ್ನು ಅಷ್ಟೆತ್ತರ ಏರಿಸಲೇಬೇಕು. ಈಜುಕೊಳದ ನೀರು ಹೊರಟ ಜಾಗಕ್ಕೇ ವಾಪಸ್ ಬರುವುದರಿಂದ ಪಂಪು ಹೋರಾಡುವುದು ಪೈಪು, ಫಿಲ್ಟರಿನ ತಿಕ್ಕಾಟದ ಜೊತೆ ಮಾತ್ರ.

ಅಮೆರಿಕದಲ್ಲಿ 2021ರ ಜುಲೈನಿಂದ ಬಂದ ಕೇಂದ್ರ ಸರ್ಕಾರದ ನಿಯಮದಿಂದಾಗಿ ನೆಲದೊಳಗಿನ ಕೊಳಗಳ ದೊಡ್ಡ ಪಂಪುಗಳು ಹೆಚ್ಚುಕಡಿಮೆ ಎಲ್ಲವೂ ಈ ಬಗೆಯವೇ ಆಗಿವೆ. ಅಲ್ಲಿ ಕರೆಂಟೂ ನಮಗಿಂತ ದುಬಾರಿ. ನಿಮ್ಮ ಲೆಕ್ಕ ಬೇರೆ. ಈ ಪಂಪನ್ನು 9 ಗಂಟೆ ಅರ್ಧ ವೇಗದಲ್ಲಿ, ಮುಕ್ಕಾಲು ಗಂಟೆ ಪೂರ್ತಿ ವೇಗದಲ್ಲಿ ಓಡಿಸಿದರೆ ಎರಡು ಸುತ್ತು ಮುಗಿಯುತ್ತದೆ. ಮೋಟಾರು, ಎಲೆಕ್ಟ್ರಾನಿಕ್ಸ್ ನಷ್ಟ ಸೇರಿಸಿದರೆ ಅರ್ಧ ವೇಗದಲ್ಲಿ 300 ವಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 4 ಯೂನಿಟ್, ತಿಂಗಳಿಗೆ 120, ಅಂದರೆ 840 ರೂಪಾಯಿ. ಅಂಗಡಿಯವರು ಇದನ್ನು ನಿಮ್ಮ ಈಗಿನ 3,150ಕ್ಕೆ ಹೋಲಿಸಿ ತಿಂಗಳಿಗೆ 2,300 ಉಳಿತಾಯ, ಮೂರೂವರೆ ವರ್ಷಕ್ಕೆ ದುಡ್ಡು ವಾಪಸ್ ಅನ್ನುತ್ತಾರೆ. ಆ ಉಳಿತಾಯದ ಮೂರನೇ ಎರಡು ಪಾಲನ್ನು ನೀವು ಟೈಮರಿನಲ್ಲೇ ಗಳಿಸಿ ಆಯಿತಲ್ಲ? 1,575ರಿಂದ 840ಕ್ಕೆ ಇಳಿಯುವುದು 735 ರೂಪಾಯಿ. 95 ಸಾವಿರ ಹುಟ್ಟಲು ಹತ್ತು ವರ್ಷದ ಮೇಲೆ ಬೇಕು. ಚೆನ್ನಾಗಿರುವ ಪಂಪನ್ನು ಎಸೆದು ಇದನ್ನು ತರುವುದು ನಿಮಗೆ ಸರಿಹೋಗದು.

ಈಗಿನ ಪಂಪು ಸುಟ್ಟು ಹೋಗಿ ಹೊಸದು ತರಲೇಬೇಕಾದ ದಿನ ಮತ್ತೆ ಯೋಚಿಸಿ. ಆಗ ವ್ಯತ್ಯಾಸ 60 ಸಾವಿರ ಮಾತ್ರ, ಏಳು ವರ್ಷ. ನಾನಾದರೆ ನಿಮ್ಮ ಕೊಳಕ್ಕೆ 0.75 ಎಚ್‌ಪಿಯ ಒಳ್ಳೆಯ ಸಾದಾ ಪಂಪನ್ನು ಮೊದಲು ನೋಡುತ್ತೇನೆ. 0.8 ಕಿಲೋವಾಟ್ ಎಳೆದು ಗಂಟೆಗೆ 10–11 ಸಾವಿರ ಲೀಟರ್ ಕೊಟ್ಟರೆ 8 ಗಂಟೆಗೆ ಎರಡು ಸುತ್ತು, ತಿಂಗಳಿಗೆ 192 ಯೂನಿಟ್. 600 ಎಂಎಂ ಫಿಲ್ಟರಿನ ಬ್ಯಾಕ್‌ವಾಶಿಗೂ ಅಷ್ಟು ಹರಿವು ಬೇಕು, ಅದಕ್ಕಿಂತ ಸಣ್ಣದಕ್ಕೆ ಇಳಿಯಬೇಡಿ. ಕೊಳ್ಳುವಾಗ ಎಚ್‌ಪಿ ಕೇಳಬೇಡಿ. ನೇಮ್‌ಪ್ಲೇಟಿನಲ್ಲಿ ಪಿ1 ಅಂತ ಇರುವುದು ಮೀಟರಿನಿಂದ ಎಳೆಯುವ ಶಕ್ತಿ, ಪಿ2 ಅಂತ ಇರುವುದು ಮೋಟಾರು ಕೊಡುವ ಶಕ್ತಿ. ಪಿ1 ನೋಡಿ. ಪಂಪ್ ರೂಮಿನ ಪೈಪು ಬದಲಿಸುವ ಸಂದರ್ಭ ಬಂದರೆ 50 ಎಂಎಂ ಬದಲು 63 ಹಾಕಿಸಿ, ಅಷ್ಟೇ ಹರಿವಿಗೆ ತಿಕ್ಕಾಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ವೇರಿಯೆಬಲ್ ಸ್ಪೀಡ್ ಯಾರಿಗೆ ಒಪ್ಪುತ್ತದೆ ಅಂದರೆ, ಕೊಡಗು, ಸಕಲೇಶಪುರದ ಹೋಮ್‌ಸ್ಟೇಗಳಂತೆ ದಿನವಿಡೀ ಅತಿಥಿಗಳಿರುವ ಕಡೆ, ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ಕ್ಲೋರಿನೇಟರ್ ಇಟ್ಟು 12 ಗಂಟೆ ಓಡಿಸಲೇಬೇಕಾದ ಕಡೆ. ಸದ್ದಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಪಂಪ್ ರೂಮು ಮಲಗುವ ಕೋಣೆಗೆ ಅಂಟಿಕೊಂಡಿದ್ದರೆ ಅದಕ್ಕೂ ಒಂದು ಬೆಲೆಯಿದೆ. ನಿಧಾನದ ವೇಗದಲ್ಲಿ ಮೇಲೆ ತೇಲುವ ಎಲೆ, ಹುಳವನ್ನು ಸ್ಕಿಮ್ಮರ್ (ಮೇಲ್ಮೈ ನೀರನ್ನು ಎಳೆಯುವ ಬಾಯಿ) ಸರಿಯಾಗಿ ಎಳೆಯುವುದಿಲ್ಲ. ಅದಕ್ಕೇ ದಿನಕ್ಕೆ ಸ್ವಲ್ಪ ಹೊತ್ತು ಜೋರಾಗಿ ಓಡಿಸಬೇಕು, ಬ್ಯಾಕ್‌ವಾಶ್ ಕೂಡ ಪೂರ್ತಿ ವೇಗದಲ್ಲೇ. ಅದರ ಜೀವ ಇರುವುದು ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ. ಸಕಲೇಶಪುರದ ಕಡೆ ಒಂದು ಹೋಮ್‌ಸ್ಟೇಯಲ್ಲಿ ಮುಂಗಾರಿಗೆ ಮುಂಚಿನ ಒಂದೇ ಸಿಡಿಲಿಗೆ ಬೋರ್ಡು ಸುಟ್ಟಿತು. ಬದಲಿ ಬರುವ ತನಕ ಕೊಳ ಹಸಿರು ಕಟ್ಟಿತು. ಸರ್ಜ್ ಪ್ರೊಟೆಕ್ಟರ್, ಒಳ್ಳೆಯ ಅರ್ಥಿಂಗ್ ಇಲ್ಲದೆ ಹಳ್ಳಿ ಲೈನಿಗೆ ಅದನ್ನು ಹಾಕಬೇಡಿ. ಬೋರ್ಡು ನಮ್ಮ ಊರಿನಲ್ಲೇ ಸಿಗುತ್ತದೆಯಾ ಅಂತ ಮೊದಲೇ ಕೇಳಿ.

ಎಲೆಕ್ಟ್ರಿಷಿಯನ್ ಹೇಳಿದ ಡ್ರೈವ್ ನಿಮ್ಮ ಪಂಪಿಗೆ ಆಗುವುದಿಲ್ಲ. ಕೆಪಾಸಿಟರ್ ಇರುವ ಸಿಂಗಲ್ ಫೇಸ್ ಮೋಟಾರನ್ನು ಹಾಗೆ ನಿಧಾನ ಮಾಡಲು ಹೋದರೆ ಅದು ಗುಂಯ್ ಅನ್ನುತ್ತಾ ಬಿಸಿಯಾಗಿ ಸುಡುತ್ತದೆ. ಡ್ರೈವ್ ಕೂರುವುದು ತ್ರೀ ಫೇಸ್ ಮೋಟಾರಿಗೆ.

95 ಸಾವಿರ ಕೈಯಲ್ಲಿ ಇದ್ದೇ ಇದೆ ಅಂದರೆ, ನಾನು ಅದನ್ನು ಚಾವಣಿಯ ಸೋಲಾರಿನ ಕಡೆ ತಿರುಗಿಸುತ್ತೇನೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. 5 ಗಂಟೆ ಓಡುವ ನಿಮ್ಮ ಪಂಪಿನ ಏಳೂವರೆ ಯೂನಿಟ್ ಕಳೆದು ಮನೆಗೂ ಉಳಿಯುತ್ತದೆ.

ಇನ್ನೊಂದು ವಿಚಾರ, ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಪಂಪಿನ ಲೈನಿನಲ್ಲಿ, ಕೊಳದ ಒಳಗಿನ ದೀಪದ ಲೈನಿನಲ್ಲಿ ಕರೆಂಟು ಸೋರಿದ ತಕ್ಷಣ ಲೈನನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ? ಎಂಸಿಬಿ ಇದ್ದರೆ ಸಾಲದು, ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಆರ್‌ಸಿಸಿಬಿಯ ಮೇಲೆ 'ಟಿ' ಅಂತ ಒಂದು ಸಣ್ಣ ಗುಂಡಿ ಇರುತ್ತದೆ. ಒತ್ತಿದ ತಕ್ಷಣ ಟಪ್ ಅಂತ ಬೀಳಬೇಕು. ಬೀಳದಿದ್ದರೆ, ಅಥವಾ ಅದು ಇಲ್ಲವೇ ಇಲ್ಲದಿದ್ದರೆ, ಸರಿಪಡಿಸುವ ತನಕ ಮೊಮ್ಮಕ್ಕಳನ್ನು ನೀರಿಗಿಳಿಸಬೇಡಿ. ಪತ್ರ ಓದಿದ ಇವತ್ತೇ ಒತ್ತಿ ನೋಡಿ.